ಮೈಕ್ ರಸೂಲಣ್ಣನ ಅಗಲವಾದ ದನಿ

ನ್ಯಾಮತಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ರಸೂಲ್ ಸಾಬರ ಮನೆ ಎಲ್ಲಿ ಎಂದು ಕೇಳಿದರೆ ಯಾವ ರಸೂಲ್ ಎನ್ನುತ್ತಾರೆ. ಮೈಕ್ ರಸೂಲ್ ಎಂದರೆ ಮನೆ ಬಾಗಿಲ ತನಕ ಕರೆದುಕೊಂಡು ಹೋಗಿ ಬಿಡುತ್ತಾರೆ. ಮೂವತ್ತೆಂಟು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವನು ಅವನು. ಮದುವೆ, ಉರುಸು, ಗಣಪತಿ, ರೈತರ ಸಭೆ, ನೀರಿನ ಕಂದಾಯ ಕಟ್ಟಿ ಎಂಬ ಪ್ರಚಾರ, ಯಾವುದಕ್ಕಾದರೂ ಸ್ಪೀಕರ್ ಪೆಟ್ಟಿಗೆಗಳೂ ಅವನವೇ, ದನಿಯೂ ಅವನದೇ. ಹೊಟ್ಟೆಯೊಳಗಿಂದ ಎದ್ದು ಬರುವ ದಪ್ಪನೆಯ ತುಂಬು ದನಿ. ಅವನು ‘ಮಾನ್ಯರೇ’ ಎಂದರೆ ನೀರಿನ ಕಂದಾಯಕ್ಕೂ ಒಂದು ಘನತೆ ಬಂದುಬಿಡುತ್ತಿತ್ತು. ಆ ದನಿ ಅವನ ಸ್ವಂತ ಮನೆಯಲ್ಲಿ, ಸ್ವಂತ ಹೆಂಡತಿಗೆ ಮುಟ್ಟದೆ ಹೋದ ಎರಡು ವರ್ಷದ ಕಥೆ ಇದು.

ಹೆಂಡತಿ ರಹಮತ್‌ಬೀ. ಮದುವೆಯಾದ ವರ್ಷದಿಂದ ಅವನ ಜೊತೆ ಊರೂರು ತಿರುಗಿದವರು. ಅವನು ವೇದಿಕೆಯಲ್ಲಿ ಅನೌನ್ಸ್ ಮಾಡುತ್ತಿದ್ದರೆ ಕೆಳಗೆ ಆಂಪ್ಲಿಫೈಯರ್ ನೋಡಿಕೊಳ್ಳುವುದು, ಫ್ಯೂಸ್ ಹಾಕುವುದು, ಮೈಕು ಕುಯ್ಯೆಂದರೆ ವಾಲ್ಯೂಮ್ ಇಳಿಸುವುದು ಅವರ ಕೆಲಸ. ಹೆಂಗಸು ಮೈಕ್ ಸೆಟ್ ನಡೆಸುವುದನ್ನು ನೋಡಲೆಂದೇ ಜನ ಬರುತ್ತಿದ್ದರು ಎಂದು ರಸೂಲಣ್ಣ ಹೇಳುತ್ತಾನೆ. ಒಬ್ಬಳೇ ಮಗಳು ಶಾಹೀನ್, ಹೊನ್ನಾಳಿಗೆ ಕೊಟ್ಟಿದ್ದಾರೆ.

ನನಗೆ ಅವನ ಪರಿಚಯ ರೇಡಿಯೋದಿಂದ. ನಾನು ಸಿದ್ದಲಿಂಗೇಶ್, ಚನ್ನಗಿರಿಯಲ್ಲಿ ಬ್ಯಾಟರಿ ಮತ್ತು ಯುಪಿಎಸ್ ಅಂಗಡಿ ಇಟ್ಟವನು. ಹ್ಯಾಮ್ ರೇಡಿಯೋ ಎಂಬ ಒಂದು ಹುಚ್ಚು ನಮ್ಮಿಬ್ಬರಿಗೂ ಇದೆ. ಪರೀಕ್ಷೆ ಬರೆದು, ಸರ್ಕಾರದಿಂದ ಲೈಸೆನ್ಸ್ ಪಡೆದು, ಮನೆಯ ಮೇಲೆ ನಮ್ಮದೇ ತಂತಿ ಕಟ್ಟಿಕೊಂಡು, ಊರೂರಿನ ನಮ್ಮಂಥವರ ಜೊತೆ ಮಾತಾಡುವ ಹವ್ಯಾಸ. ಮೊಬೈಲ್ ಇರುವಾಗ ಇದು ಯಾಕೆ ಎಂದು ಕೇಳಬೇಡಿ, ನನ್ನ ಹೆಂಡತಿ ಕೇಳಿ ಕೇಳಿ ಸುಸ್ತಾಗಿದ್ದಾಳೆ. ಹೊನ್ನಾಳಿಯಲ್ಲಿ ಹೊಳೆ ಏರಿ ಫೋನೆಲ್ಲ ಸತ್ತರೆ ಸುದ್ದಿ ಮುಟ್ಟಿಸುವುದು ಹೇಗೆ ಎಂದು ಒಂದು ಶಿಬಿರ ನಡೆದಿತ್ತು. ಅಲ್ಲಿಗೆ ಮೈಕ್ ಹಾಕಲು ಬಂದ ರಸೂಲಣ್ಣ ಪೆಟ್ಟಿಗೆಗಳನ್ನು ಬಿಚ್ಚುವುದನ್ನೂ ಮರೆತು ಕೊನೆಯ ತನಕ ಕೂತ. ಆರು ತಿಂಗಳಲ್ಲಿ ಪರೀಕ್ಷೆ ಪಾಸು ಮಾಡಿದ. ಆಗ ಅವನಿಗೆ ಐವತ್ತಾರು.

ದಿನಾ ಬೆಳಿಗ್ಗೆ ಆರೂವರೆಗೆ ನಾವು ಏಳೆಂಟು ಜನ ಗಾಳಿಯಲ್ಲಿ ಸೇರುತ್ತೇವೆ. ಕ್ಷೇಮ ಸಮಾಚಾರ, ಮಳೆ, ಯಾರ ಸೆಟ್ಟು ಕೆಟ್ಟಿತು, ಅಷ್ಟೇ. ಅಲ್ಲಿಗೆ ರಸೂಲಣ್ಣ ಬರುವುದೆಂದರೆ ಮದುಮಗ ಬಂದ ಹಾಗೆ. ಎಲ್ಲರೂ ಸೆಟ್ಟಿನ ಜೊತೆ ಬರುವ ಪುಟ್ಟ ಕೈಮೈಕಿನಲ್ಲಿ ಮಾತಾಡಿದರೆ ಅವನು ತನ್ನ ಮದುವೆ ಮನೆಯ ಮಿಕ್ಸರನ್ನೇ ರೇಡಿಯೋಕ್ಕೆ ಕಟ್ಟಿದ್ದ. ಹಾಡುಗಾರರ ಮೈಕು, ಬೇಸ್ ಪೂರ್ತಿ ಮೇಲೆ, ಸೆಟ್ಟಿನೊಳಗೆ ದನಿಯ ಅಗಲಕ್ಕೆ ಇಟ್ಟ ಮಿತಿಯೂ ಪೂರ್ತಿ ತೆರೆದಿದ್ದು. ‘ನನ್ನ ದನಿ ಹೆಂಗೈತೋ ಹಂಗೇ ಹೋಗ್ಬೇಕು’ ಎನ್ನುವುದು ಅವನ ಹಟ. ಹತ್ತಿರದ ನಮಗೆ ಅವನು ಪಕ್ಕದ ಕುರ್ಚಿಯಲ್ಲಿ ಕೂತಂತೆ ಕೇಳುತ್ತಿತ್ತು, ನಿಜ.

ಆದರೆ ರೇಡಿಯೋದಲ್ಲಿ ಮಾತಿಗೆ ಇಷ್ಟೇ ಅಗಲ ಎಂಬ ಒಂದು ಮರ್ಯಾದೆ ಉಂಟು. ಮೂವರು ಕೂರುವ ಬಸ್ ಸೀಟಿನಲ್ಲಿ ಒಬ್ಬ ಕಾಲು ಅಗಲಿಸಿ ಕೂತರೆ ಕಿಟಕಿಯವನು ನರಳಬೇಕು, ಅಂಚಿನವನು ಬೀಳಬೇಕು. ದಪ್ಪ ದನಿ, ಉಸಿರು, ಗುಂಗು ಎಲ್ಲವನ್ನೂ ಕಳಿಸುತ್ತೇನೆ ಎಂದು ಹೊರಟರೆ ನಮ್ಮ ಪಕ್ಕದ ಜಾಗದಲ್ಲಿ ಮಾತಾಡುವವರ ಪಾಡೂ ಅದೇ. ಮೇಲಾಗಿ ಸೆಟ್ಟಿನ ಶಕ್ತಿ ಐವತ್ತು ವಾಟ್ ಎಂದರೆ ಐವತ್ತೇ. ಅದನ್ನು ಗುಂಗಿಗೆ ಹಂಚಿದರೆ ಮಾತಿಗೆ ಉಳಿಯುವುದು ಅಷ್ಟಕ್ಕಷ್ಟೇ. ಮಾತು ಅರ್ಥವಾಗಲು ದನಿಯ ನಡುವಿನ ಒಂದು ಪಟ್ಟಿ ಸಾಕು. ಟೆಲಿಫೋನು ನೂರು ವರ್ಷ ಆ ಪಟ್ಟಿಯೊಳಗೇ ಸಂಸಾರ ಮಾಡಿತು.

ಇದೆಲ್ಲ ನನಗೆ ಗೊತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನನಗೆ ಮೂಗಿನ ತುದಿಯಲ್ಲೇ ಕೋಪ, ಇದ್ದದ್ದನ್ನು ಇದ್ದಹಾಗೆ ಹೇಳುವವನು ಎಂದು ಅಂಗಡಿ ಬೀದಿಯಲ್ಲೆಲ್ಲ ಹೆಸರು. ಅಂಥ ನಾನೇ ‘ಏನು ದನಿ ರಸೂಲಣ್ಣ’ ಎಂದು ಅವನನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದೆ. ಯಾಕೆಂದರೆ ಅವನು ಒಂದು ಮಾತನ್ನು ನಗುತ್ತ ಪದೇ ಪದೇ ಹೇಳುತ್ತಿದ್ದ: ‘ಮನೇಲಿ ನನ್ನ ಮಾತು ಕೇಳೋರಿಲ್ಲ, ಅದಕ್ಕೆ ಇಲ್ಲಿ ಬರ್ತೀನಿ.’ ಗಂಡಸರೆಲ್ಲ ಹೇಳುವ ತಮಾಷೆ ಎಂದು ನಾವೂ ನಗುತ್ತಿದ್ದೆವು. ನಗುವಾಗಲೂ ನನಗೆ ಯಾಕೋ ಕಸಿವಿಸಿಯಾಗುತ್ತಿತ್ತು.

ಗಂಟೆ ಕಟ್ಟಿದವರು ಜಗಳೂರಿನ ಕಸ್ತೂರಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು, ನಮಗೆಲ್ಲ ಕಸ್ತೂರಕ್ಕ. ಕಳೆದ ಮಳೆಗಾಲದಲ್ಲಿ ಒಂದು ಅಣಕು ಕವಾಯತು ಇಟ್ಟುಕೊಂಡಿದ್ದೆವು. ಹೊಳೆ ಬಂದು ಹತ್ತು ಜನರನ್ನು ಶಾಲೆಗೆ ಸೇರಿಸಿದ್ದಾರೆ ಎಂದಿಟ್ಟುಕೊಂಡು ರಸೂಲಣ್ಣ ಅವರ ಹೆಸರುಗಳನ್ನು ಓದಬೇಕು, ಕಸ್ತೂರಕ್ಕ ಬರೆದುಕೊಳ್ಳಬೇಕು. ಅವನು ಮದುವೆಯಲ್ಲಿ ಉಡುಗೊರೆ ಓದುವ ಗತ್ತಿನಲ್ಲಿ ಹತ್ತೂ ಹೆಸರು ಓದಿದ. ಅವರು ಬರೆದುಕೊಂಡದ್ದು ಮೂರು.

‘ರಸೂಲ್‌ಭಾಯ್, ನಿಮ್ಮ ದನಿ ಬಂತು. ಮಾತು ಬರಲಿಲ್ಲ,’ ಎಂದರು ಕಸ್ತೂರಕ್ಕ. ‘ಇವತ್ತೊಂದೇ ಅಲ್ಲ, ದಿನಾ ಹಿಂಗೇ ಆಗತೈತೆ. ಪಕ್ಕದಾಗೆ ಮಾತಾಡೋರೂ ನಿಮ್ಮಿಂದ ಜಾಗ ಬಿಟ್ಟು ಓಡಿ ಹೋಗತಾರೆ. ಸ್ವಲ್ಪ ಸಣ್ಣ ಮಾಡ್ಕಳ್ರಿ.’

ಅವನ ಪರವಾಗಿ ನಾನು ಮಾತಾಡಲಿಲ್ಲ, ಅವರು ಹೇಳಿದ್ದು ಸರಿ ಎಂದೂ ಹೇಳಲಿಲ್ಲ. ರಸೂಲಣ್ಣ ಸೆಟ್ಟು ಆರಿಸಿದ. ಆಮೇಲೆ ನಲವತ್ತು ದಿನ ಅವನ ಸುದ್ದಿಯೇ ಇಲ್ಲ. ಫೋನ್ ಮಾಡಿದರೆ ಕೆಲಸ ಐತೆ ಎಂದು ಇಟ್ಟುಬಿಡುತ್ತಿದ್ದ.

ನಲವತ್ತೊಂದನೆಯ ದಿನ ಅಂಗಡಿ ಬಾಗಿಲು ಹಾಕಿ ನ್ಯಾಮತಿಗೆ ಹೋದೆ. ರೇಡಿಯೋದ ಮೇಲೆ ಟವೆಲ್ ಹೊದಿಸಿತ್ತು. ರಹಮತ್‌ಬೀ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಕೂತಿದ್ದರು. ನನ್ನನ್ನು ಕಂಡು ತಲೆಯ ಮೇಲೆ ಸೆರಗು ಎಳೆದುಕೊಂಡು ನಕ್ಕರು.

‘ರಹಮತ್, ಸಿದ್ಲಿಂಗೇಶ್ ಬಂದಾನೆ, ಚಾ ಇಡು,’ ಎಂದ ರಸೂಲಣ್ಣ. ಅವರು ಹೊಲಿಯುತ್ತಲೇ ಇದ್ದರು. ಅವನು ಇನ್ನೂ ದಪ್ಪ ದನಿಯಲ್ಲಿ ಹೇಳಿದ. ಅವರು ತಲೆಯೆತ್ತಿ ಅವನ ಕಡೆ ನೋಡಿ, ಹೂಂ ಎಂದು ತಲೆಯಾಡಿಸಿ, ನಕ್ಕು, ಮತ್ತೆ ಸೂಜಿ ಹಿಡಿದರು. ಚಹಾ ಬರಲಿಲ್ಲ. ಕೊನೆಗೆ ಅವನೇ ಎದ್ದು ಹೋಗಿ ಇಟ್ಟ.

ನಾವು ಕುಡಿಯುತ್ತಿರುವಾಗ ಅವರ ಮೊಬೈಲಿನ ದೀಪ ಮಿನುಗಿತು. ಹೊನ್ನಾಳಿಯಿಂದ ಮಗಳು. ರಹಮತ್‌ಬೀ ಫೋನನ್ನು ಕಿವಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿ ಕೂತವರು ಅರ್ಧ ಗಂಟೆ ಮಾತಾಡಿದರು. ಕೇಳಿದ್ದಕ್ಕೆ ಉತ್ತರ, ಉತ್ತರಕ್ಕೆ ತಮಾಷೆ, ನಗು.

‘ನೋಡಿದ್ಯಾ?’ ಎಂದ ರಸೂಲಣ್ಣ. ‘ಆ ಕೀರಲು ಫೋನಿನಾಗೆ ಮಗಳ ಮಾತು ಕೇಳತೈತೆ. ಎದುರಿಗೆ ನಿಂತ ನನ್ನ ಮಾತು ಬ್ಯಾಡ. ಎರಡು ವರ್ಷ ಆತು. ಏನು ತಪ್ಪು ಮಾಡೀನಿ ಅಂತ ಕೇಳಿದ್ರೆ ಅದಕ್ಕೂ ನಗತಾಳೆ. ಅವಳ ಅಣ್ಣ ತೀರಿಕೊಂಡಾಗ ನಾನೊಂದು ಪ್ರೋಗ್ರಾಮ್ ಬಿಡಾಕೆ ಆಗದೆ ಒಂದು ದಿನ ತಡ ಮಾಡಿ ಹೋದೆ. ಅದೇ ಇರಬಹುದು. ಮನೇಲೂ ನನ್ನ ದನಿ ಬ್ಯಾಡ, ಗಾಳಿನಾಗೂ ಬ್ಯಾಡ. ಇನ್ನು ಯಾರಿಗೆ ಮಾತಾಡ್ಲಿ?’

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಎರಡು ವರ್ಷ ಉಂಡು ಮಲಗಿಯೂ ಮುಗಿಯದ ಜಗಳಕ್ಕೆ ಹೊರಗಿನವನು ಏನು ಹೇಳುವುದು? ನನಗೆ ಗೊತ್ತಿದ್ದದ್ದು ರೇಡಿಯೋ, ಅದನ್ನೇ ಹಿಡಿದೆ. ಮೈಕಿನವರದು ಒಂದು ಪದ್ಧತಿ ಇದೆ. ವೇದಿಕೆಯ ಮೇಲೆ ನಿಂತು ಸೌಂಡ್ ಸರಿಯಾಗಿದೆ ಎನ್ನಬಾರದು. ಕೊನೆಯ ಸಾಲಿನ ಹಿಂದೆ ಹೋಗಿ ನಿಂತು ಕೇಳಿ ಬಂದು ಆಮೇಲೆ ಹೇಳಬೇಕು.

‘ರಸೂಲಣ್ಣ, ನಿನ್ನ ಕೊನೇ ಸಾಲು ಜಗಳೂರಾಗೈತೆ,’ ಎಂದೆ. ‘ಯಾವತ್ತಾದ್ರೂ ಅಲ್ಲಿ ನಿಂತು ಕೇಳೀಯಾ?’

ಕಸುಬಿನ ಮಾತಿಗೆ ಅವನು ತಲೆಬಾಗಿದ. ಎರಡು ದಿನ ಬಿಟ್ಟು, ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ದಾವಣಗೆರೆಯಲ್ಲಿ ಬಸ್ ಬದಲಿಸಿ ಜಗಳೂರಿಗೆ ಹೋದೆವು. ಮೆಕ್ಕೆಜೋಳದ ಹೊಲಗಳ ನಡುವೆ ಕುರಿ ಹಿಂಡು ರಸ್ತೆ ದಾಟುವ ತನಕ ಬಸ್ಸು ಎರಡು ಕಡೆ ನಿಂತಿತು. ಅಷ್ಟು ಹೊತ್ತೂ ಅವನು ಕಸ್ತೂರಕ್ಕನಿಗೆ ಹೇಳಬೇಕಾದ ಬಿಸಿ ಮಾತುಗಳನ್ನು ನನ್ನ ಮೇಲೆ ಪ್ರಯೋಗ ಮಾಡಿ ನೋಡುತ್ತಿದ್ದ.

ಕಸ್ತೂರಕ್ಕ ಒಗ್ಗರಣೆ ಮಂಡಕ್ಕಿ ಕೊಟ್ಟು ಕೂರಿಸಿದರು. ಬೇವಿನ ಮರದಿಂದ ನೀರಿನ ಟ್ಯಾಂಕಿಗೆ ಕಟ್ಟಿದ ಒಂದು ತಂತಿ, ಬ್ಯಾಟರಿಯ ಮೇಲೆ ನಡೆಯುವ ಒಂದು ಸಣ್ಣ ಸೆಟ್ಟು, ಅಷ್ಟೇ ಅವರ ಆಸ್ತಿ. ಕವಾಯತಿನ ದಿನ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡದ್ದನ್ನು ಏನೂ ಹೇಳದೆ ಹಾಕಿದರು. ಅವನದೇ ದನಿ, ಅನುಮಾನವಿಲ್ಲ. ಆದರೆ ಪಕ್ಕದ ಮನೆಯಲ್ಲಿ ಯಾರೋ ರಾಗಿ ಬೀಸುತ್ತಿರುವ ಹಾಗೆ. ಬರೀ ಗುಡುಗುಡು. ಆಮೇಲೆ ನನ್ನದನ್ನು ಹಾಕಿದರು. ಡಬ್ಬಿಯೊಳಗಿಂದ ಬಂದಂತಿರುವ ನನ್ನ ಕೀರಲು ದನಿಯಲ್ಲಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂತು. ನನಗೇ ನಾಚಿಕೆಯಾಯಿತು.

ರಸೂಲಣ್ಣ ತನ್ನದನ್ನು ಮೂರು ಸಲ ಹಾಕಿಸಿಕೊಂಡು ಕೇಳಿದ. ಬಿಸಿ ಮಾತೆಲ್ಲ ಎಲ್ಲಿ ಹೋದವೋ.

‘ಎದೆ ದನಿಗೆ ಬರೀ ಭಾರ ಕೊಡತೈತೆ ಭಾಯ್,’ ಎಂದರು ಕಸ್ತೂರಕ್ಕ. ‘ಅರ್ಥ ಕೊಡೋದು ಹಲ್ಲು, ನಾಲಿಗೆ, ತುಟಿ. ಟ್ರಂಕ್ ಕಾಲ್ ಕಾಲದಾಗೆ ನಮಗೆ ಮೊದಲು ಕಲಿಸಿದ್ದೇ ಅದು. ಕೇಳಿಸಲಿಲ್ಲ ಅಂದ್ರೆ ದನಿ ದಪ್ಪ ಮಾಡಬ್ಯಾಡ, ಬಿಡಿಸಿ ಹೇಳು ಅಂತಿದ್ರು.’

ಅವನು ಹೂಂಗುಟ್ಟಿದ. ದನಿಯ ಅಗಲದ ಮಿತಿ ಎಷ್ಟಿರಬೇಕೆಂದು ಚೀಟಿಯಲ್ಲಿ ಬರೆದುಕೊಡುತ್ತ ಅವರು ತಮ್ಮ ಎಕ್ಸ್‌ಚೇಂಜಿನ ದಿನಗಳನ್ನು ನೆನೆಯತೊಡಗಿದರು. ‘ನಮ್ಮ ಜೊತೆ ಒಬ್ಬರು ಇದ್ರು. ಅವರಿಗೆ ಕಿವಿ ಮಂದ ಆಗಿತ್ತು, ನಮಗೆ ಎಷ್ಟೋ ದಿನ ಗೊತ್ತೇ ಆಗಲಿಲ್ಲ. ಯಾಕಂದ್ರೆ ಹೆಡ್‌ಫೋನ್ ಹಾಕ್ಕೊಂಡ್ರೆ ಎಲ್ಲಾ ಕೇಳತಿತ್ತು. ಎದುರಿಗೆ ನಿಂತು ಮಾತಾಡಿದ್ರೆ ಮಾತ್ರ ಸುಮ್ಮನೆ ನಗತಿದ್ರು. ಸೊಕ್ಕು ಅಂತ ನಾವು ಅವರ ಜೊತೆ ಮಾತು ಬಿಟ್ವಿ. ಈಗ ನೆನೆಸಿಕೊಂಡ್ರೆ ಸಂಕಟ ಆಗತೈತೆ.’

ರಸೂಲಣ್ಣನ ಕೈಯ ಮಂಡಕ್ಕಿ ಕೈಯಲ್ಲೇ ಉಳಿಯಿತು. ನನಗೂ ಆ ಕ್ಷಣಕ್ಕೆ ಹೊಳೆಯಿತು. ನ್ಯಾಮತಿಯ ಪಡಸಾಲೆಯಲ್ಲಿ ಕಣ್ಣೆದುರೇ ನೋಡಿಯೂ ಕಾಣದೆ ಹೋದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ದಾವಣಗೆರೆಯಲ್ಲಿ ನಾನು ಚನ್ನಗಿರಿ ಬಸ್ಸು ಹತ್ತಲು ಹೊರಟರೆ ಅವನು ಬಿಡಲಿಲ್ಲ. ಹೊನ್ನಾಳಿ ಬಸ್ಸು ಹತ್ತಿದ ಮೇಲೆ ಕಿಟಕಿಯಾಚೆ ನೋಡುತ್ತ ಹೇಳಿದ, ‘ಅವಳು ಸಿಟ್ಟಾಗಿದ್ರೇ ಚಲೋ ಇತ್ತು ಅನ್ನಿಸತೈತೆ, ಸಿದ್ಲಿಂಗೇಶ್.’

‘ಯಾಕಣ್ಣ?’

‘ಸಿಟ್ಟಾದ್ರೆ ಇಳಿಸಬಹುದು.’

ನ್ಯಾಮತಿ ಮುಟ್ಟಿದಾಗ ಮಧ್ಯಾಹ್ನ ಮೂರೂವರೆ. ಬಾ ಎಂದು ತೋಳು ಹಿಡಿದು ಮನೆಗೆ ಕರೆದುಕೊಂಡು ಹೋದ. ಟವೆಲ್ ತೆಗೆದು ಸೆಟ್ಟು ಹಚ್ಚಿದ. ಹೊರಗಿನ ತಂತಿ ಬಿಚ್ಚಿ, ಶಕ್ತಿಯನ್ನು ಒಳಗೇ ನುಂಗುವ ಒಂದು ಡಬ್ಬಿ ಸಿಕ್ಕಿಸಿದ, ಅಂದರೆ ಮಾತು ಮನೆ ದಾಟಿ ಹೋಗುವುದಿಲ್ಲ. ನಾವು ಕಳಿಸುತ್ತಿರುವುದನ್ನೇ ಹೆಡ್‌ಫೋನಿನಲ್ಲಿ ಕೇಳುವ ಅನುಕೂಲ ಆ ಸೆಟ್ಟಿನಲ್ಲಿದೆ. ಪಡಸಾಲೆಗೆ ಹೋಗಿ ರಹಮತ್‌ಬೀಯ ಕೈ ಹಿಡಿದು ಎಬ್ಬಿಸಿದ. ನನ್ನೆದುರು ಕೈ ಹಿಡಿದದ್ದಕ್ಕೆ ಅವರಿಗೆ ನಾಚಿಕೆ. ಮೇಜಿನ ಈಚೆ ಕೂರಿಸಿ, ಸೆರಗಿನ ಮೇಲೇ ಹೆಡ್‌ಫೋನ್ ಹಾಕಿದ. ಇದೇನು ಆಟ ಎಂಬಂತೆ ನನ್ನ ಕಡೆ ನೋಡಿದರು.

ಮೊದಲು ಮಿಕ್ಸರಿನಲ್ಲಿ ಮಾತಾಡಿದ, ತನ್ನ ಎಂದಿನ ತುಂಬು ದನಿಯಲ್ಲಿ. ಅವರ ಮನೆಮಾತು ಉರ್ದು. ಚನ್ನಗಿರಿಯಲ್ಲಿ ಅಂಗಡಿ ಇಟ್ಟ ನನಗೆ ಅದು ಅರ್ಥವಾಗುತ್ತದೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ರಹಮತ್, ನನ್ನ ಮ್ಯಾಲೆ ಸಿಟ್ಟೈತಾ?’ ಎಂದ. ರಹಮತ್‌ಬೀ ತಲೆಯಾಡಿಸಿ ನಕ್ಕರು. ಎದುರಿನವರಿಗೆ ಬೇಜಾರಾಗಬಾರದೆಂದು, ಏನೂ ಕೇಳದವರು ನಗುವ ನಗು ಅದು. ಎರಡು ವರ್ಷ ಆ ನಗುವನ್ನು ಅವನು ತಾತ್ಸಾರ ಎಂದುಕೊಂಡಿದ್ದ.

ಅವನು ಮಿಕ್ಸರಿನ ವೈರು ಕಿತ್ತ. ಸೆಟ್ಟಿನ ಜೊತೆ ಬಂದಿದ್ದ, ಒಂದು ದಿನವೂ ಮುಟ್ಟದೆ ಡಬ್ಬಿಯಲ್ಲಿಟ್ಟಿದ್ದ ಪುಟ್ಟ ಕೈಮೈಕನ್ನು ಹುಡುಕಿ ತೆಗೆದು ಹಾಕಿದ. ದನಿಯ ಅಗಲದ ಮಿತಿಯನ್ನು ಕಸ್ತೂರಕ್ಕ ಬರೆದುಕೊಟ್ಟಷ್ಟಕ್ಕೆ ಇಳಿಸಿದ. ಆಮೇಲೆ ಎದೆಯನ್ನು ಬಿಟ್ಟು, ಹಲ್ಲು ನಾಲಿಗೆಯಲ್ಲಿ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಸಣ್ಣಗೆ ಬಿಡಿಸಿ ಹೇಳಿದ.

‘ರಹಮತ್. ನನ್ನ ಮ್ಯಾಲೆ ಸಿಟ್ಟೈತಾ?’

‘ಇಲ್ಲ,’ ಎಂದರು ರಹಮತ್‌ಬೀ ತಕ್ಷಣ. ‘ನಂಗ್ಯಾಕೆ ಸಿಟ್ಟು? ಯಾರು ಹೇಳಿದ್ರು?’

ಹೇಳಿದ ಮೇಲೆ ಗೊತ್ತಾಯಿತು ಅವರಿಗೆ, ತಾವು ಸಿಕ್ಕಿಬಿದ್ದದ್ದು. ಹೆಡ್‌ಫೋನ್ ತೆಗೆಯಲು ಕೈ ಎತ್ತಿದರು. ಅವನು ಆ ಕೈ ಹಿಡಿದುಕೊಂಡು ಕೈಮೈಕಿನಲ್ಲೇ ಕೇಳಿದ.

‘ಯಾವತ್ತಿಂದ ಕೇಳಿಸಲ್ಲ?’

‘ಮೂರು ವರ್ಷ ಆಗಿರಬೇಕು. ನೀವು ಮಾತಾಡತಿದ್ದೀರಿ ಅಂತ ಗೊತ್ತಾಗತೈತೆ. ಏನು ಅಂತ ಗೊತ್ತಾಗಲ್ಲ. ನೀವು ಜೋರು ಮಾಡಿದಷ್ಟೂ ಇನ್ನೂ ಕಲಸಿ ಹೋಗತೈತೆ.’

‘ಶಾಹೀನ್‌ಗೆ ಗೊತ್ತಾ?’

‘ಅವಳೇ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ತೋರಿಸಿದ್ಲು. ಅಬ್ಬಾಗೆ ಹೇಳಬ್ಯಾಡ ಅಂತ ಆಣೆ ಹಾಕಿಸಿದ್ದೆ.’

‘ನನಗೆ ಯಾಕೆ ಹೇಳಲಿಲ್ಲ?’

ರಹಮತ್‌ಬೀ ಜಾರಿದ ಸೆರಗನ್ನು ಸರಿಮಾಡಿಕೊಂಡರು.

‘ಡಾಕ್ಟ್ರು ಸೌಂಡಿನಿಂದ ಆಗೈತೆ ಅಂದ್ರು. ಇಷ್ಟು ವರ್ಷ ಪೆಟ್ಟಿಗೆ ಪಕ್ಕ ಕೂತಿದ್ದಕ್ಕೆ. ಅದನ್ನ ನಿಮಗೆ ಹೆಂಗೆ ಹೇಳ್ಲಿ? ನೀವು ಆ ಪೆಟ್ಟಿಗೆನ ಮಕ್ಕಳ ಹಂಗೆ ನೋಡ್ಕೊಂಡಿದ್ದೀರಿ. ಕಿವಿಗೆ ಮಷಿನ್ ಹಾಕ್ಕೋ ಅಂದ್ರು. ಹಾಕ್ಕೊಂಡ್ರೆ ನಿಮ್ಮ ಕಣ್ಣಿಗೆ ಬೀಳತೈತಲ್ಲ. ಅದಕ್ಕೇ ಬ್ಯಾಡ ಅಂದೆ. ನನಗೆ ಸಿಟ್ಟು ಬಂದೈತೆ ಅಂತ ನೀವು ತಿಳ್ಕೊಂಡಿದ್ದು ಗೊತ್ತಿತ್ತು. ತಿಳ್ಕೊಂಡ್ರೆ ತಿಳ್ಕಳ್ಳಿ ಅಂತ ಬಿಟ್ಟೆ. ನಿಮ್ಮಿಂದಾನೇ ಹಿಂಗಾತು ಅಂತ ನೀವು ಕೊರಗೋದಕ್ಕಿಂತ ಅದೇ ವಾಸಿ ಅನ್ನಿಸ್ತು.’

ಅವರು ಇದನ್ನು ಅಳದೆ ಹೇಳಿದರು. ಅತ್ತದ್ದು ಅವನು. ಅರವತ್ತಮೂರು ವರ್ಷದ ಗಂಡಸು ನನ್ನಂಥ ಹೊರಗಿನವನೆದುರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರೆ ನಾನು ಎಲ್ಲಿ ನೋಡುವುದೆಂದು ತಿಳಿಯದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ಅವನ ದನಿಯನ್ನು ಹೊಗಳುತ್ತಿದ್ದವರಲ್ಲಿ ನಾನೇ ಮೊದಲಿಗ. ಒಬ್ಬರಾದರೂ ಮೊದಲೇ ನಿಜ ಹೇಳಿದ್ದರೆ ಈ ಮನೆಯಲ್ಲಿ ಎರಡು ವರ್ಷ ಉಳಿಯುತ್ತಿತ್ತೇನೋ. ಆ ಪಾಪ ನನಗೂ ಸೇರಿದ್ದು ಎಂದು ಇವತ್ತಿಗೂ ಅನ್ನಿಸುತ್ತದೆ.

ರಹಮತ್‌ಬೀ ಮೇಜಿನ ಮೇಲಿದ್ದ ಕೈಮೈಕನ್ನು ಎತ್ತಿ ಅವನ ಕೈಗೆ ಕೊಟ್ಟರು.

‘ಎರಡು ವರ್ಷದಿಂದ ದಿನಾ ಎಷ್ಟೊಂದು ಮಾತಾಡಿದ್ರಿ. ನಾನು ಬಾಯಿ ಅಲ್ಲಾಡೋದೇ ನೋಡತಿದ್ದೆ. ಏನೇನು ಹೇಳಿದ್ರಿ? ಈಗ ಹೇಳ್ರಿ, ಕೇಳತೈತೆ.’

ಅವನು ಮೈಕಿನ ಗುಂಡಿ ಒತ್ತಿದ. ಸಾವಿರ ಮದುವೆಗಳಲ್ಲಿ, ನೂರು ಸಭೆಗಳಲ್ಲಿ ಒಂದು ದಿನವೂ ತಡವರಿಸದ ಮನುಷ್ಯ ಬಾಯಿ ತೆರೆದ, ಮುಚ್ಚಿದ. ಅವರು ಕಣ್ಣು ಮುಚ್ಚಿ ಕಾಯುತ್ತಿದ್ದರು. ಹೆಡ್‌ಫೋನಿನಲ್ಲಿ ಅವನ ಉಸಿರು ಮಾತ್ರ ಕೇಳುತ್ತಿದ್ದಿರಬೇಕು.

‘ಊಟ ಮಾಡಿದ್ಯಾ?’ ಎಂದ ಕೊನೆಗೆ.

‘ಇಲ್ಲ,’ ಎಂದರು ರಹಮತ್‌ಬೀ. ‘ನೀವು ಬರಲಿ ಅಂತ ಕಾಯ್ತಿದ್ದೆ.’